ಆರು ವರ್ಷ ಎಲೆಕ್ಟ್ರಿಕ್ ಟ್ರಿಮ್ ಬಳಸಿದ ಮೇಲೆ ಎರಡನೇ ವಿಮಾನಕ್ಕೆ ಕೇಬಲ್ ಹಾಕಿದೆ

ಶೆಡ್ಡಿನಲ್ಲಿ ನಾನೇ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ಎಲೆಕ್ಟ್ರಿಕ್ ಪಿಚ್ ಟ್ರಿಮ್ ಹಾಕಿ ಆರು ವರ್ಷ ಆಯಿತು. ಟ್ರಿಮ್ ಅಂದರೆ, ಸ್ಟಿಕ್ಕನ್ನು (ವಿಮಾನ ನಡೆಸುವ ಕೋಲು) ಸದಾ ಒತ್ತಿ ಹಿಡಿಯದೆ ಮೂತಿಯನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುವ ಏರ್ಪಾಡು. ಮೂತಿ ಏರಿಸಿ ಇಳಿಸುವ ಬಾಲದ ಹಲಗೆ ಎಲಿವೇಟರ್, ಅದರ ಹಿಂದಿನ ಅಂಚಿನಲ್ಲಿರುವ ಪುಟ್ಟ ಹಲಗೆ ಟ್ಯಾಬ್; ಆ ಟ್ಯಾಬನ್ನು ಮೋಟಾರ್ ಸರಿಸಬಹುದು, ಇಲ್ಲ ಕೈಯಿಂದ ಆಡಿಸುವ ಕೇಬಲ್ ಸರಿಸಬಹುದು. ಅದರಲ್ಲಿ 540 ಗಂಟೆ ಹಾರಿದ್ದೇನೆ. ಈಗ ಎರಡನೇ ವಿಮಾನ ಕಟ್ಟುತ್ತಿದ್ದೇನೆ, ಅದಕ್ಕೆ ಕೇಬಲ್ ಟ್ರಿಮ್ ಹಾಕಿದ್ದೇನೆ. ಯಾಕೆ ಅಂತ ಬರೆಯಲೇಬೇಕು ಅನ್ನಿಸಿತು. ಬಿಡಿಭಾಗಗಳ ಕಿಟ್ ತಂದು ವಿಮಾನ ಕಟ್ಟುವವರು ಸಾಮಾನ್ಯವಾಗಿ ಬಾಲದಿಂದ ಶುರು ಮಾಡುತ್ತಾರೆ, ಎಲಿವೇಟರ್ ಕಟ್ಟುವಾಗಲೇ ಈ ಪ್ರಶ್ನೆ ಎದುರಾಗುತ್ತದೆ. ಕೈಗೆ ಇನ್ನೂ ಏನೂ ಗೊತ್ತಿರದ ಹೊತ್ತಿನಲ್ಲಿ, ಮುಂದೆ ಪ್ರತಿ ಹಾರಾಟದಲ್ಲೂ ಕೈ ಮುಟ್ಟುವ ವಸ್ತುವನ್ನು ಆರಿಸಬೇಕು.

ನಾನು ಆಗ ಎಲೆಕ್ಟ್ರಿಕ್ ಆರಿಸಿದ್ದು ಕೆಲಸ ಸುಲಭ ಅಂತ. ಕೇಬಲ್ ಆದರೆ ಕಾಕ್‌ಪಿಟ್‌ನಿಂದ ಬಾಲದವರೆಗೆ ಎಲ್ಲೂ ಬಿಗಿಯಾದ ತಿರುವು ಬರದ ಹಾಗೆ ಎಳೆಯಬೇಕು. ಮೋಟಾರ್ ಆದರೆ ಒಂದು ಪುಟ್ಟ ಡಬ್ಬಿ, ಐದು ತೆಳ್ಳನೆಯ ವೈರು. ಎರಡು ವೈರು ಮೋಟಾರಿಗೆ, ಉಳಿದ ಮೂರು ವೈರು ಟ್ಯಾಬ್ ಎಲ್ಲಿದೆ ಅಂತ ತೋರಿಸುವ ದೀಪಕ್ಕೆ. ಮೋಟಾರ್ ಉಲ್ಟಾ ತಿರುಗಿದರೆ ಆ ಎರಡು ವೈರು ಅದಲುಬದಲು ಮಾಡಿದರಾಯಿತು. ಒಂದೇ ಸಂಜೆಯಲ್ಲಿ ಕೆಲಸ ಮುಗಿಯಿತು, ಸ್ಟಿಕ್ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗೆ ಬಟನ್ ಕೂಡ ಬಂತು. ತುಂಬಾ ಖುಷಿಯಾಗಿದ್ದೆ.

ಖುಷಿ ಸುಳ್ಳಲ್ಲ. ಇವತ್ತಿಗೂ ಹಾರುವ ಮುಂಚೆ ನಾನು ತಪ್ಪದೆ ಮಾಡುವ ಒಂದು ಕೆಲಸ ಇದೆ. ಮಾಸ್ಟರ್ ಸ್ವಿಚ್ ಹಾಕಿ, ಟ್ಯಾಬನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಓಡಿಸುತ್ತೇನೆ. ಎಂಜಿನ್ ಇನ್ನೂ ಮಲಗಿರುತ್ತದೆ, ಬಾಲದಿಂದ ಜೀಂ... ಅನ್ನುವ ಸಣ್ಣ ಸದ್ದು ಮಾತ್ರ ಕೇಳುತ್ತದೆ. ಆ ಸದ್ದು ಒಂದೇ ಸಮ ಇದ್ದರೆ ಮನಸ್ಸಿಗೆ ಸಮಾಧಾನ. ಆಮೇಲೆ ಟ್ಯಾಬನ್ನು ಎಲಿವೇಟರಿನ ಅಂಚಿಗೆ ಸಮ ಮಾಡಿ, ಸ್ವಿಚ್ ಆರಿಸಿ, ಹಿಂದೆ ಹೋಗುತ್ತೇನೆ. ಎಲಿವೇಟರನ್ನು ಒಂದು ಕೈಯಲ್ಲಿ ಹಿಡಿದು, ಟ್ಯಾಬಿನ ಅಂಚನ್ನು ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಅಲುಗಿಸುತ್ತೇನೆ. ಟಕ್ ಟಕ್ ಅಂದರೆ ಪಿನ್ನೋ ಹಿಂಜೋ (ಕೀಲು) ಸವೆದಿದೆ ಅಂತ ಅರ್ಥ. ಸಡಿಲ ಟ್ಯಾಬ್ ಅಂದರೆ ಸುಮ್ನೆ ಅಲ್ಲ, ವೇಗದಲ್ಲಿ ಅದು ಫ್ಲಟರ್ ಆಗಿ, ಅಂದರೆ ಗಾಳಿಗೆ ಹುಚ್ಚಾಗಿ ಬಡಿದುಕೊಂಡು, ಬಾಲವನ್ನೇ ಕಿತ್ತುಹಾಕಬಹುದು. ಹಿಂಜಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹತ್ತುತ್ತೇನೆ. ಮೋಟಾರ್ ಇರಲಿ, ಕೇಬಲ್ ಇರಲಿ, ಈ ಅಲುಗಿಸಿ ನೋಡುವ ಕೆಲಸ ಬಿಡಬಾರದು.

ತೊಂದರೆ ಶುರುವಾಗಿದ್ದು ಮೊದಲ ದೂರದ ಹಾರಾಟದಲ್ಲಿ. ಲ್ಯಾಂಡಿಂಗ್ ವೇಗದಲ್ಲಿ ಬಟನ್ ಒತ್ತಿದರೆ ಟ್ರಿಮ್ ನಿಧಾನ ಅನ್ನಿಸುತ್ತಿತ್ತು. ಅದೇ ಬಟನ್ 150 ನಾಟ್‌ನಲ್ಲಿ ಮುಟ್ಟಿದರೆ ಸಾಕು, ಮೂತಿ ಜಿಗಿಯುತ್ತಿತ್ತು. ಕಾರಣ ಸರಳ. ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 75 ನಾಟ್‌ಗಿಂತ 150ರಲ್ಲಿ ಅಷ್ಟೇ ಟ್ಯಾಬಿಗೆ ನಾಲ್ಕು ಪಟ್ಟು ಬಲ. ಮೋಟಾರಿಗೆ ಮಾತ್ರ ಇದು ಗೊತ್ತಿಲ್ಲ, ಅದು ಒಂದೇ ವೇಗದಲ್ಲಿ ತಿರುಗುತ್ತದೆ. ನಾನು ಆಟೋಪೈಲಟ್ ಇಲ್ಲದೆ ಹಾರುವವನು, ಆ ದುಡ್ಡು ಎಂಜಿನ್ನಿಗೆ ಹೋಯಿತು. ಎರಡು ಗಂಟೆ ಕೈಯಲ್ಲೇ ಹಾರಿಸುವಾಗ, ಮೇಲೆ ಒಂದು ಚಿಟಿಕೆ, ಕೆಳಗೆ ಒಂದು ಚಿಟಿಕೆ ಅಂತ ಬಟನ್ ತಟ್ಟುತ್ತಲೇ ಇರಬೇಕಿತ್ತು. ಎಷ್ಟು ತಟ್ಟಿದರೂ ಬೇಕಾದ ಜಾಗ ಸಿಗುತ್ತಿರಲಿಲ್ಲ. ಒಂದೋ ನೂರಡಿ ಏರುತ್ತದೆ, ಇಲ್ಲ ನೂರಡಿ ಇಳಿಯುತ್ತದೆ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಒಂದು ವರ್ಷ ಕಳೆದೆ.

ಮೂರನೇ ವರ್ಷ ಆಗಿದ್ದನ್ನು ಮಾತ್ರ ವಿವರವಾಗಿಯೇ ಹೇಳುತ್ತೇನೆ. ಟೇಕಾಫ್ ಆಗಿ ಫ್ಲಾಪ್ (ಕಡಿಮೆ ವೇಗದಲ್ಲಿ ಹಾರಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಎತ್ತಿದೆ. ಮೂತಿ ಸ್ವಲ್ಪ ಇಳಿಸಲು ಬಟನ್ ಮುಟ್ಟಿ ಬಿಟ್ಟೆ. ಬಟನ್ ಒಳಗಿನ ಸ್ವಿಚ್ ಬಿಡಲಿಲ್ಲ. ಎಂಜಿನ್ ಸದ್ದಿನಲ್ಲಿ ಬಾಲದ ಮೋಟಾರ್ ಕೇಳಿಸುವುದಿಲ್ಲ ಅಲ್ವಾ, ಸ್ಟಿಕ್ ಭಾರ ಆಗುತ್ತಾ ಹೋದಾಗಲೇ ನನಗೆ ಗೊತ್ತಾಗಿದ್ದು. ನೆಲದಿಂದ 600 ಅಡಿ. ದೀಪ ನೋಡಿದರೆ ಟ್ರಿಮ್ ಮುಕ್ಕಾಲು ಭಾಗ ಕೆಳಗೆ ಹೋಗಿತ್ತು. ಮೇಲಕ್ಕೆ ಒತ್ತಿದೆ. ಮೋಟಾರ್ ನಿಂತಿತು, ಆದರೆ ಹಿಂದೆ ಬರಲಿಲ್ಲ. ನನ್ನ ವೈರಿಂಗಿನಲ್ಲಿ ಎರಡೂ ರಿಲೇ (ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್, ಮೇಲಕ್ಕೊಂದು, ಕೆಳಕ್ಕೊಂದು) ಒಟ್ಟಿಗೆ ಎಳೆದರೆ ಮೋಟಾರಿನ ಎರಡೂ ತುದಿಗೆ ಒಂದೇ ವೋಲ್ಟೇಜ್ ಸಿಗುತ್ತದೆ, ಅದು ಸುಮ್ಮನೆ ನಿಲ್ಲುತ್ತದೆ. ಹೆಬ್ಬೆರಳು ತೆಗೆದರೆ ಮತ್ತೆ ಕೆಳಗೆ ಓಡುತ್ತದೆ. ಫ್ಯೂಸ್ ಇದ್ದದ್ದು ಪ್ಯಾನಲ್ ಹಿಂದೆ, ಕೈಗೆ ಎಟುಕದ ಕಡೆ. ಅಲ್ಲಿ ಇಟ್ಟವನು ನಾನೇ.

ಥ್ರಾಟಲ್ ತಗ್ಗಿಸಿ 75 ನಾಟ್‌ಗೆ ಇಳಿಸಿದೆ. ನಾಲ್ಕು ಪಟ್ಟಿನ ಅದೇ ಲೆಕ್ಕ ಈ ಸಲ ಕಾಪಾಡಿತು, ವೇಗ ಇಳಿದ ಹಾಗೆ ಭಾರವೂ ಇಳಿಯಿತು. ಹೆಬ್ಬೆರಳನ್ನು ಬಟನ್ ಮೇಲೆ ಒತ್ತಿಟ್ಟುಕೊಂಡೇ, ಎಡಗೈಯನ್ನೂ ಸ್ಟಿಕ್ಕಿಗೆ ಕೊಟ್ಟು, ಥ್ರಾಟಲ್ ಬೇಕಾದಾಗ ಮಾತ್ರ ಬಿಟ್ಟು, ಒಂದು ಸುತ್ತು ಹಾಕಿ ಇಳಿದೆ. ಇಳಿದ ಮೇಲೂ ಹೆಬ್ಬೆರಳು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಸಿದ್ಧವಾಗಿ ಸಿಗುವ ಕಾರ್ಖಾನೆ ವಿಮಾನಗಳಲ್ಲಿ ಎಲೆಕ್ಟ್ರಿಕ್ ಟ್ರಿಮ್ ಬಟನ್ ಸಾಮಾನ್ಯವಾಗಿ ಎರಡು ತುಂಡು ಇರುತ್ತದೆ. ಎರಡನ್ನೂ ಒಟ್ಟಿಗೆ ತಳ್ಳಿದರೆ ಮಾತ್ರ ಮೋಟಾರ್ ತಿರುಗುತ್ತದೆ, ಒಂದು ಸಿಕ್ಕಿಹಾಕಿಕೊಂಡರೂ ಏನೂ ಆಗುವುದಿಲ್ಲ. ಬೋಯಿಂಗ್ 737ರಲ್ಲಿ ಬಟನ್ ಜೊತೆಗೆ, ಪೈಲಟ್‌ಗಳ ಮೊಣಕಾಲ ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಚಕ್ರವೂ ಇದೆ, ಮೋಟಾರಿನ ಕರೆಂಟ್ ಕಡಿದುಹಾಕುವ ಕಟೌಟ್ ಸ್ವಿಚ್ಚುಗಳೂ ಇವೆ. ನಾವು ಮನೆಯಲ್ಲಿ ಕಟ್ಟುವವರು ಇದನ್ನೆಲ್ಲ ನಾವೇ ನೆನಪಿಟ್ಟು ಹಾಕಬೇಕು. ನಾನು ಹಾಕಿರಲಿಲ್ಲ.

ಆಮೇಲೆ ಹಾಕಿದೆ. ಥ್ರಾಟಲ್ ಪಕ್ಕದಲ್ಲಿ, ಕಣ್ಣು ಮುಚ್ಚಿದರೂ ಸಿಗುವ ಕಡೆ ಒಂದು ಕಟೌಟ್ ಸ್ವಿಚ್. ಜೊತೆಗೆ ಒಂದು ಸ್ಪೀಡ್ ಕಂಟ್ರೋಲರ್: ಫ್ಲಾಪ್ ಇಳಿದಿದ್ದರೆ ಮೋಟಾರ್ ಜೋರಾಗಿ ತಿರುಗುತ್ತದೆ, ಮೇಲಿದ್ದರೆ ಮೆಲ್ಲಗೆ. ಒಪ್ಪಿಕೊಳ್ಳಲೇಬೇಕು, ಈ ಒಂದು ಸಣ್ಣ ಡಬ್ಬಿ ನನ್ನ ಮುಕ್ಕಾಲು ಸಿಟ್ಟನ್ನು ಇಳಿಸಿತು. ಕ್ರೂಸ್‌ನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ಸಾಗುವಾಗ, ಮೊದಲ ಸಲ ಬಟನ್ ತಟ್ಟಿದಾಗ ಮೂತಿ ಬೇಕಾದಷ್ಟೇ ಸರಿಯಿತು. ಇದನ್ನು ಮೊದಲ ದಿನವೇ ಹಾಕಿದ್ದರೆ ಈ ಬರಹದ ಅರ್ಧ ಇರುತ್ತಿರಲಿಲ್ಲ. ಆದರೆ ಒಂದು ಲೆಕ್ಕ ಇದೆ. ಮೋಟಾರ್, ದೀಪ, ರಿಲೇ, ಹಿಡಿ, ಕಂಟ್ರೋಲರ್, ಕಟೌಟ್ ಎಲ್ಲ ಬೇರೆ ಬೇರೆ ಕೊಂಡು ಕೂಡಿಸಿದರೆ ಕೇಬಲ್ಲಿಗಿಂತ ತುಂಬಾ ಜಾಸ್ತಿ ಆಯಿತು. ಐದನೇ ವರ್ಷ ದೀಪ ಸತ್ತಿತು. ಎಲಿವೇಟರ್ ಹಿಂಜಿನ ಹತ್ತಿರ, ಪ್ರತಿ ಸಲ ಸ್ಟಿಕ್ ಆಡಿದಾಗಲೂ ಮಡಚುವ ಜಾಗದಲ್ಲಿ ಒಂದು ವೈರು ಒಳಗೇ ತುಂಡಾಗಿತ್ತು. ಅಲ್ಲಿ ಒಂದು ಸಡಿಲ ಸುತ್ತು ಬಿಡಬೇಕಿತ್ತು.

ಕೇಬಲ್ ಕಡೆ ಮನಸ್ಸು ತಿರುಗಿದ್ದು ಗೆಳೆಯನ ವಿಮಾನದಿಂದ. ಅದೇ ಕಿಟ್, ಒಂದೇ ವ್ಯತ್ಯಾಸ, ಅವನದು ಕೈ ಟ್ರಿಮ್. ನನ್ನ ವಿಮಾನ ವಾರ್ಷಿಕ ತಪಾಸಣೆಗೆ ಬಿಚ್ಚಿಟ್ಟಾಗ ಅವನದನ್ನು ಒಂದು ತಿಂಗಳು ಹಾರಿಸಿದೆ. ಎರಡು ಸೀಟಿನ ನಡುವೆ ವರ್ನಿಯರ್ ನಾಬ್. ನಡುವಿನ ಗುಂಡಿ ಒತ್ತಿ ತಳ್ಳಿದರೆ ಅಥವಾ ಎಳೆದರೆ ದೊಡ್ಡ ಬದಲಾವಣೆ, ಬರೀ ತಿರುಗಿಸಿದರೆ ಕೂದಲೆಳೆಯಷ್ಟು.

ಮೊದಲ ದಿನ 140 ನಾಟ್‌ನಲ್ಲಿ ಕೂತು ಅರ್ಧ ಸುತ್ತು ತಿರುಗಿಸಿದೆ. ಆಲ್ಟಿಮೀಟರ್ ಮುಳ್ಳು ಮೆಲ್ಲಗೆ ಹತ್ತುತ್ತಿದ್ದದ್ದು ನಿಂತಿತು. ಇನ್ನೊಂದು ಕಾಲು ಸುತ್ತು. ಸ್ಟಿಕ್ಕಿನಿಂದ ಕೈ ತೆಗೆದೆ. ಎರಡು ನಿಮಿಷ, ಮೂರು ನಿಮಿಷ, ಮುಳ್ಳು ಅಲ್ಲೇ. ಐದು ವರ್ಷದಲ್ಲಿ ನನ್ನ ವಿಮಾನದಲ್ಲಿ ನನಗೆ ಸಿಗದ ಆ ನಿಶ್ಶಬ್ದ ಇಲ್ಲಿ ಬೆರಳ ತುದಿಯಲ್ಲಿತ್ತು. ಸೆಸ್ನಾ 172ರಲ್ಲಿ ಕಲಿತವರಿಗೆ ಆ ಟ್ರಿಮ್ ಚಕ್ರ ನೆನಪಿರುತ್ತದೆ. ಕೈಗೆ ಎಷ್ಟು ತಿರುಗಿಸಿದೆ ಅಂತ ಗೊತ್ತಾಗುತ್ತದೆ, ನೋಡುವ ಅಗತ್ಯವೇ ಇಲ್ಲ. ಆ ಕೈನೆನಪು ನನಗೆ ವಾಪಸ್ ಬಂತು.

ಕೇಬಲ್ಲಿಗೂ ಅದರದೇ ಕಾಟಗಳಿವೆ. ಫೈನಲ್‌ನಲ್ಲಿ, ಅಂದರೆ ರನ್‌ವೇ ಕಡೆ ನೇರ ಇಳಿಯುವ ಕೊನೆಯ ಹಂತದಲ್ಲಿ, ಫ್ಲಾಪ್ ಪೂರ್ತಿ ಇಳಿಸಿದಾಗ ಥ್ರಾಟಲ್ ಬಿಟ್ಟು ನಾಬ್ ಹುಡುಕಬೇಕು, ಗಾಳಿ ಜೋರಿದ್ದ ದಿನ ಅದು ಕಿರಿಕಿರಿ. ಒಂದು ಚಳಿ ಬೆಳಿಗ್ಗೆ ನಾಬ್ ಅಲುಗಲೇ ಇಲ್ಲ. ಕೇಬಲ್ ಕವಚದೊಳಗೆ ನೀರಿನ ಪಸೆ ಸೇರಿ ಹೆಪ್ಪುಗಟ್ಟಿತ್ತು, ಬಿಸಿಲು ಬರುವವರೆಗೆ ಕಾದೆವು. "ಮಳೆಯಲ್ಲಿ ಹೊರಗೆ ನಿಲ್ಲಿಸಿದ್ದು ನಂದೇ ತಪ್ಪು ಮಾರಾಯ" ಅಂದ ಗೆಳೆಯ. ಇನ್ನು ಆಟೋಪೈಲಟ್ ತಾನೇ ಟ್ರಿಮ್ ಮಾಡಬೇಕು ಅನ್ನುವವರಿಗೆ ಮೋಟಾರ್ ಬೇಕೇ ಬೇಕು. ತುಂಬಾ ದೂರ ಹೋಗುವವರು, ಬಲಗಡೆಯ ಸೀಟಿನಿಂದಲೂ ಹಾರಿಸುವವರು, ಭುಜನೋವಿನವರು ಎಲೆಕ್ಟ್ರಿಕ್ ಹಾಕಲಿ. ಕಂಟ್ರೋಲರ್, ಕಟೌಟ್ ಎರಡನ್ನೂ ಮೋಟಾರಿನ ಜೊತೆಗೇ ತರಿಸಲಿ, ಆಮೇಲೆ ನೋಡೋಣ ಅನ್ನುವುದು ಬೇಡ. ಕರೆಂಟ್ ಹೋದರೆ ಏನು ಗತಿ ಅಂತ ಹೆದರುವವರಿಗೆ ಒಂದು ಮಾತು: ಮೋಟಾರಿನ ಸ್ಕ್ರೂ ಗಾಳಿಯ ಒತ್ತಡಕ್ಕೆ ಹಿಂದೆ ತಿರುಗುವುದಿಲ್ಲ, ಟ್ಯಾಬ್ ಇದ್ದಲ್ಲೇ ಇರುತ್ತದೆ.

ನಾನು ಒಬ್ಬನೇ, ಕೈಯಲ್ಲೇ, ಎರಡು ಗಂಟೆ ಹಾರುವವನು. ಹಳೆಯ ವಿಮಾನದ ಮೋಟಾರನ್ನು ಕಿತ್ತುಹಾಕಿಲ್ಲ, ಅದು ಈಗ ಚೆನ್ನಾಗಿದೆ. ಹೊಸದಕ್ಕೆ ಮಾತ್ರ ಮೂರು ಸಂಜೆ ಕೂತು ಕೇಬಲ್ ಎಳೆದೆ. ಒಂದು ಕಡೆ ತಿರುವು ಬಿಗಿಯಾಗಿ ನಾಬ್ ಗಟ್ಟಿ ಅನ್ನಿಸಿತು, ಬಿಚ್ಚಿ ಮತ್ತೆ ದೊಡ್ಡ ತಿರುವು ಕೊಟ್ಟೆ. ಈಗ ಒಂದು ಬೆರಳಿಗೂ ತಿರುಗುತ್ತದೆ.

ಕಳೆದ ಭಾನುವಾರ ರೆಕ್ಕೆ ಇಲ್ಲದ ಒಡಲೊಳಗೆ ಕೂತು ನಾಬ್ ತಿರುಗಿಸುತ್ತಿದ್ದೆ. ಮಗಳು ಹಿಂದೆ ನಿಂತು ಟ್ಯಾಬ್ ಮೇಲೆ ಕೋನಮಾಪಕ ಹಿಡಿದಿದ್ದಳು. "ಇನ್ನೂ ಸ್ವಲ್ಪ ಅಪ್ಪಾ... ಇನ್ನೂ... ಸಾಕು, ಸಮ ಆಯ್ತು." ನಾಬ್ ಅಲ್ಲೇ ಬಿಟ್ಟು, ಅದರ ಕಡ್ಡಿಯ ಮೇಲೆ ಬಿಳಿ ಬಣ್ಣದಲ್ಲಿ ಟೇಕಾಫ್ ಗೆರೆ ಎಳೆದೆ.