ಎರಡು ಚಪ್ಪಾಳೆ ಬೇಕು: ಆರು ಮಳೆಗಾಲ ಆಡಾಸಿಟಿ ಬಳಸಿದ ಮೇಲೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಪುತ್ತೂರು ಕಡೆ ತಾಳಮದ್ದಳೆಯ, ಅಂದರೆ ವೇಷ, ಕುಣಿತ ಇಲ್ಲದೆ ಕುಳಿತೇ ನಡೆಸುವ ಯಕ್ಷಗಾನದ ಕಾಲ. ಕೂಟ ಎಲ್ಲಿದ್ದರೂ ರೆಕಾರ್ಡ್ ಮಾಡುವ ಚಟ ನನಗೆ 2019ರಿಂದ. ಒಂದು ರೆಕಾರ್ಡರ್ ಹಿಮ್ಮೇಳದ (ಹಾಡುವ ಭಾಗವತರು, ಚೆಂಡೆ, ಮದ್ದಳೆ) ಎದುರು, ಇನ್ನೊಂದು ಪಾತ್ರಗಳ ಮಾತಾಡುವ ಅರ್ಥಧಾರಿಗಳ ನಡುವೆ ಇಡುತ್ತೇನೆ. ಒಂದೇ ಸಾಕು ಅಂತ ಚೆಂಡೆಗೆ ತಕ್ಕ ಹಾಗೆ ಲೆವೆಲ್ ಇಳಿಸಿದರೆ ಅರ್ಥಧಾರಿಯ ಮಾತು ತಗಡು ಮಾಡಿನ ಮಳೆಯಲ್ಲಿ ಕರಗಿಹೋಗುತ್ತದೆ. ಎರಡೂ ಫೈಲುಗಳನ್ನು ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿ ಕೂಡಿಸುವುದಕ್ಕೆ ಬಳಸುವುದು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶ. ಉಚಿತ, ವಿಂಡೋಸಿಗೂ ಲಿನಕ್ಸಿಗೂ ಸಿಗುತ್ತದೆ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಗುರುತಿಗೆಂದು ಶುರುವಿನಲ್ಲಿ ಹೊಡೆದ ಚಪ್ಪಾಳೆ ಎರಡೂ ಟ್ರ್ಯಾಕಿನಲ್ಲಿ ಎಲ್ಲಿದೆ ನೋಡಿ ಹೊಂದಿಸಿದೆ, ಮುಗಿಯಿತು ಅಂದುಕೊಂಡೆ. ಮೊದಲ ಪದ್ಯ ಚೊಕ್ಕ. ಒಂದು ಗಂಟೆ ಕಳೆಯುವಾಗ ಚೆಂಡೆಯ ಪೆಟ್ಟು ಯಾಕೋ ದಪ್ಪವಾಯಿತು. ಎರಡು ಗಂಟೆಗೆ ಒಂದು ಪೆಟ್ಟು ಎರಡಾಗಿತ್ತು. ಮಂಗಳ ಪದ್ಯಕ್ಕೆ ಬರುವಾಗ ಭಾಗವತರ ಬೆನ್ನ ಹಿಂದೆ ಇನ್ನೊಬ್ಬರು ಅವರನ್ನೇ ಅಣಕಿಸುತ್ತ ಹಾಡಿದ ಹಾಗೆ ಕೇಳುತ್ತಿತ್ತು.

ಆಡಾಸಿಟಿಯನ್ನು ಬೈದುಕೊಂಡೆ, ತಪ್ಪು ಅದರದ್ದಲ್ಲ. ಪ್ರತಿ ರೆಕಾರ್ಡರಿನೊಳಗೂ ಸೆಕೆಂಡಿಗೆ 48,000 ಸಲ ಎಣಿಸುವ ಒಂದು ಸ್ಫಟಿಕದ ಗಡಿಯಾರ ಇರುತ್ತದೆ. ಎರಡು ಗಡಿಯಾರ ಒಂದೇ ಥರ ಓಡುವುದಿಲ್ಲ. ಹತ್ತು ಲಕ್ಷದಲ್ಲಿ 40 ಪಾಲಿನಷ್ಟು ಹೆಚ್ಚುಕಮ್ಮಿ ಇದ್ದರೂ ಗಂಟೆಗೆ 144 ಮಿಲಿಸೆಕೆಂಡು ಜಾರುತ್ತದೆ. 2 ಗಂಟೆ 40 ನಿಮಿಷದ ಕೂಟಕ್ಕೆ 0.38 ಸೆಕೆಂಡು! ಒಂದು ಕಡೆ 44,100, ಇನ್ನೊಂದು ಕಡೆ 48,000 ಇಟ್ಟರೆ ಹೀಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಬೇರೆ ವಿಷಯ, ಫೈಲ್ ಹಾಕುವಾಗ ಆಡಾಸಿಟಿ ಅದನ್ನು ನೋಡಿಕೊಳ್ಳುತ್ತದೆ.

ಅಲ್ಲಿಂದ ಕೂಟದ ಕೊನೆಗೂ ಒಂದು ಚಪ್ಪಾಳೆ. ನಮ್ಮ ಚೆಂಡೆಯ ಮಾವನಿಗೆ ಇದು ಮೊದಮೊದಲು ದೊಡ್ಡ ತಮಾಷೆ. "ಸುರುವಿಗೇ ಚಪ್ಪಾಳೆಯಾ? ಪ್ರಸಂಗ ಮುಗಿದ ಮೇಲೆ ಹೊಡೆದರೆ ಸಾಲದಾ ಮಾರಾಯ?" "ಆಗಲೂ ಬೇಕು ಮಾವ."

ಮನೆಯಲ್ಲಿ ಮಾಡುವುದಿಷ್ಟು. ಎರಡೂ ಟ್ರ್ಯಾಕನ್ನು ಚಪ್ಪಾಳೆಯಿಂದ ಚಪ್ಪಾಳೆಗೆ ಕತ್ತರಿಸಿ ಉದ್ದ ನೋಡುವುದು. ಹಿಮ್ಮೇಳದ ಟ್ರ್ಯಾಕ್ ಮುಟ್ಟುವುದಿಲ್ಲ. ಇನ್ನೊಂದನ್ನು ಆಯ್ದು, ವೇಗ ಬದಲಿಸುವ ಚೇಂಜ್ ಸ್ಪೀಡ್ ಆಂಡ್ ಪಿಚ್ (ಹಳೆಯ ಆವೃತ್ತಿಗಳಲ್ಲಿ ಬರೀ ಚೇಂಜ್ ಸ್ಪೀಡ್) ತೆರೆದು, ಹೊಸ ಉದ್ದದ ಜಾಗದಲ್ಲಿ ಹಿಮ್ಮೇಳದ ಉದ್ದ ಬರೆಯುವುದು. ಲೆಕ್ಕ ಅದೇ ಹಾಕುತ್ತದೆ. ಶ್ರುತಿ ಬದಲಾಗುವುದಿಲ್ಲವೇ ಅಂದರೆ, ಬದಲಾಗುತ್ತದೆ. ಆದರೆ ಹತ್ತು ಲಕ್ಷಕ್ಕೆ 40 ಪಾಲು ಯಾವ ಭಾಗವತರ ಕಿವಿಗೂ ಸಿಗುವುದಿಲ್ಲ. ಶ್ರುತಿ ಉಳಿಸುವ ಆಸೆಗೆ ಚೇಂಜ್ ಟೆಂಪೊ ಬಳಸಬೇಡಿ, ಚೆಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಚಪ್ಪಾಳೆ ಎಲ್ಲಿ ಹೊಡೆಯಬೇಕು ಅನ್ನುವುದನ್ನು ಕಲಿಯಲು ನನಗೆ ಇನ್ನೂ ಎರಡು ಮಳೆಗಾಲ ಹಿಡಿಯಿತು. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ನನ್ನ ಎರಡು ರೆಕಾರ್ಡರುಗಳ ನಡುವೆ ಮೂರು ಮೀಟರ್ ಅಂತರ. ಚೆಂಡೆಯ ಪೆಟ್ಟನ್ನೇ ಹಿಡಿದು ಹೊಂದಿಸಿದರೆ ಚೆಂಡೆ ಚೆನ್ನಾಗಿರುತ್ತದೆ, ಅರ್ಥಧಾರಿಯ ಮಾತು ಮಾತ್ರ ಹೋಗುವಾಗ 9, ಬರುವಾಗ 9 ಸೇರಿ 18 ಮಿಲಿಸೆಕೆಂಡು ಸೀಳಿ ಬಾವಿಯೊಳಗಿಂದ ಮಾತಾಡಿದ ಹಾಗಾಗುತ್ತದೆ. ಈಗ ಎರಡಕ್ಕೂ ಸರಿ ಮಧ್ಯದಲ್ಲಿ ನಿಂತು ಹೊಡೆಯುತ್ತೇನೆ.

ಆಡಾಸಿಟಿ ಇಷ್ಟರಲ್ಲಿ ಸುಮಾರು ಬದಲಾಗಿದೆ. ನಾನು ಶುರು ಮಾಡಿದಾಗ ಟ್ರ್ಯಾಕ್ ಜರುಗಿಸಲು ಎಫ್5 ಒತ್ತಿ ಬೇರೆಯೇ ಉಪಕರಣ ಹಿಡಿಯಬೇಕಿತ್ತು. 2021ರ 3.1 ಆವೃತ್ತಿಯಿಂದ ಕ್ಲಿಪ್ಪಿನ ತಲೆ ಹಿಡಿದು ಎಳೆದರೆ ಸಾಕು. ಅದೇ ವರ್ಷದ 3.0ಕ್ಕೆ ಮೊದಲು ಒಂದು ಪ್ರಾಜೆಕ್ಟ್ ಅಂದರೆ ಒಂದು ಸಣ್ಣ ಫೈಲು, ಪಕ್ಕದಲ್ಲಿ ಸಾವಿರಾರು ಚೂರು ತುಂಬಿದ ಒಂದು ಫೋಲ್ಡರು. ಸಣ್ಣದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು, ಫೋಲ್ಡರನ್ನು ಕಸ ಅಂತ ಅಳಿಸಿದ ಮಹಾನುಭಾವ ನಾನೇ. ಒಂದು ಇಡೀ ಕರ್ಣಪರ್ವ ಹಾಗೆ ಹೋಯಿತು. ಈಗ ಎಲ್ಲ ಒಂದೇ ಫೈಲಿನಲ್ಲಿ.

ಒಂದು ಟ್ರ್ಯಾಕ್ ಕತ್ತರಿಸಿದರೆ ಉಳಿದದ್ದೂ ಜೊತೆಗೇ ಜರುಗುವಂತೆ ಕಟ್ಟುವ ಸಿಂಕ್ ಲಾಕ್ ಬಗ್ಗೆ ಒಂದು ಮಾತು. ನಡುವಿನ ಚಹಾ ವಿರಾಮ ಕತ್ತರಿಸುವ ಮೊದಲು ಅದನ್ನು ಹಾಕಿಕೊಳ್ಳದಿದ್ದರೆ ಒಂದು ಟ್ರ್ಯಾಕ್ ಮಾತ್ರ ಮುಂದೆ ಬಂದು, ಅಲ್ಲಿಂದಾಚೆಗಿನ ಶ್ರಮವೆಲ್ಲ ನೀರುಪಾಲು.

ಕೊರತೆ ಇಲ್ಲವೇ? ಎರಡು ಟ್ರ್ಯಾಕನ್ನು ಕೇಳಿ ತಾನಾಗಿ ಹೊಂದಿಸಿಕೊಡುವ ಗುಂಡಿ ಇದರಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಲ್ಲಿ ಗುರುತು ಹಾಕಿ ಬೇಕಾದಷ್ಟೇ ಹಿಗ್ಗಿಸುವ ಸೌಕರ್ಯ ಬೇಕಾದವರು ರೀಪರ್ ಎಂಬ ಇನ್ನೊಂದು ತಂತ್ರಾಂಶ ನೋಡಲಿ, 60 ದಿನ ದುಡ್ಡಿಲ್ಲದೆ ಪರೀಕ್ಷಿಸಬಹುದು. ನನ್ನ ಕೂಟಗಳಿಗೆ ಅದು ಬೇಕಾಗಿಲ್ಲ, ಒಂದು ಸಲದ ಹೊರತು. ಆ ಸಲ ಕಡಿಮೆ ಬೆಲೆಯ ಒಂದು ರೆಕಾರ್ಡರ್ (ಕಂಪನಿಯ ಹೆಸರು ಬೇಡ) ಫೈಲು 2 ಜಿಬಿ ಮುಟ್ಟಿದ್ದೇ ಹೊಸ ಫೈಲು ಶುರು ಮಾಡಿ, ನಡುವೆ ಒಂದು ಚೂರು ನುಂಗಿತ್ತು. 24 ಬಿಟ್, 48,000ದ ಸ್ಟೀರಿಯೋದಲ್ಲಿ ಆ ಗಡಿ ಬರುವುದು ಸರಿಸುಮಾರು 2 ಗಂಟೆ 4 ನಿಮಿಷಕ್ಕೆ, ಅಂದರೆ ಸಂವಾದ ಕಾವೇರುವ ಹೊತ್ತಿಗೆ. ಈಗ ಚಹಾ ವಿರಾಮದಲ್ಲಿ ನಾನೇ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ, ಚಪ್ಪಾಳೆ ಎರಡರ ಬದಲು ನಾಲ್ಕು.

ಹೊಸದಾಗಿ ಶುರು ಮಾಡುವವರು ಡಿಸ್ಕಿನಲ್ಲಿ ಜಾಗ ಇಟ್ಟುಕೊಳ್ಳಿ. ಆಡಾಸಿಟಿ ಒಳಗೆ ಎಲ್ಲವನ್ನೂ 32 ಬಿಟ್ಟಿನಲ್ಲಿ ಇಡುವುದರಿಂದ ಮೇಲೆ ಹೇಳಿದ 2 ಗಂಟೆ 40 ನಿಮಿಷದ ಕೂಟದ ಎರಡು ಸ್ಟೀರಿಯೋ ಟ್ರ್ಯಾಕಿಗೆ 7 ಜಿಬಿಗೂ ಹೆಚ್ಚು ಬೇಕು. ವೇಗ ಬದಲಿಸಿದ ಕೂಡಲೇ ಇನ್ನೂ ಮೂರೂವರೆ ಜಿಬಿ ಏರುತ್ತದೆ, ಹಳೆಯದನ್ನು ಅನ್‌ಡೂಗೆ ಇಟ್ಟುಕೊಳ್ಳುತ್ತದಲ್ಲ. ಪ್ರಾಜೆಕ್ಟ್ ಮುಚ್ಚಿದಾಗ ಅದು ಇಳಿಯುತ್ತದೆ. ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಆ ಪ್ರಾಜೆಕ್ಟ್ ಫೈಲು ಹೋಗುವುದಿಲ್ಲ, 4 ಜಿಬಿ ದಾಟಿದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. ಭಾಗವತರಿಗೆ ಕೊಡುವುದಾದರೆ ಎಂಪಿ3 ಮಾಡಿಯೇ ಕೊಡಿ.