ಮೈಎಸ್‌ಕ್ಯೂಎಲ್ ಫುಲ್‌ಟೆಕ್ಸ್ಟ್ ಸರ್ಚ್: ಇಂಡೆಕ್ಸ್ ಕಟ್ಟುವ ಮುಂಚೆ ಓದಬೇಕಾದ ವಿಮರ್ಶೆ

ಹತ್ತು ಲಕ್ಷ ಸಾಲುಗಳಿರುವ ಟೇಬಲ್‌ನಲ್ಲಿ ಎಸ್‌ಕ್ಯೂಎಲ್‌ನ ‘ಲೈಕ್’ ಬಳಸಿ, ಪದದ ಎರಡೂ ಬದಿಗೆ ಶೇಕಡಾ ಚಿಹ್ನೆ ಇಟ್ಟು ಹುಡುಕಿದರೆ ಡೇಟಾಬೇಸ್‌ಗೆ ಬೇರೆ ದಾರಿಯೇ ಇಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೂ ಬಿಚ್ಚಿ ನೋಡಬೇಕು. ಪದ ಎಲ್ಲಿಂದ ಶುರುವಾಗುತ್ತದೆ ಎಂಬುದೇ ತಿಳಿಯದ ಮೇಲೆ ಮೊದಲಕ್ಷರದಿಂದ ಕ್ರಮವಾಗಿ ಜೋಡಿಸಿಡುವ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಬಳಕೆದಾರರು ಬರೆಯುವ ಪ್ರಶ್ನೆ, ಉತ್ತರ, ಚರ್ಚೆಗಳನ್ನು ಇಟ್ಟುಕೊಂಡ ಯಾವ ವ್ಯವಸ್ಥೆಯೂ ಒಂದಲ್ಲ ಒಂದು ದಿನ ಈ ಗೋಡೆಗೆ ಬಂದು ನಿಲ್ಲುತ್ತದೆ. ಆಗ ಹುಡುಕಾಟಕ್ಕೆಂದೇ ಇನ್ನೊಂದು ಸರ್ವರ್ ಹಾಕುವ ಮೊದಲು, ಮೈಎಸ್‌ಕ್ಯೂಎಲ್ ಡೇಟಾಬೇಸ್ ಒಳಗೇ ಇರುವ ಫುಲ್‌ಟೆಕ್ಸ್ಟ್ ಇಂಡೆಕ್ಸ್, ಅಂದರೆ ಯಾವ ಪದ ಯಾವ ಸಾಲುಗಳಲ್ಲಿದೆ ಎಂಬ ಪಟ್ಟಿ, ಸಾಕೇ ಎಂದು ನೋಡುವುದು ಸರಿಯಾದ ಕ್ರಮ. ಬಹಳ ಕಡೆ ಸಾಕಾಗುತ್ತದೆ. ಆದರೆ ಅದರ ಮುಖ್ಯ ಆಯ್ಕೆಗಳೆಲ್ಲ ಇಂಡೆಕ್ಸ್ ಹುಟ್ಟುವ ಹೊತ್ತಿಗೇ ನಿರ್ಧಾರವಾಗಿಬಿಡುತ್ತವೆ. ಆಮೇಲೆ ಬದಲಿಸಬೇಕೆಂದರೆ ಇಡೀ ಇಂಡೆಕ್ಸ್ ಕೆಡವಿ ಮತ್ತೆ ಕಟ್ಟಬೇಕು.

ಮೈಎಸ್‌ಕ್ಯೂಎಲ್ ಟೇಬಲ್‌ಗಳನ್ನು ಸಂಗ್ರಹಿಸಿಡುವ ಎಂಜಿನ್‌ಗಳಲ್ಲಿ ಮೈಐಸ್ಯಾಮ್ ಮತ್ತು ಇನ್ನೋಡಿಬಿ ಎರಡು. ಹಿಂದೆ ಈ ಸೌಲಭ್ಯ ಮೈಐಸ್ಯಾಮ್ ಟೇಬಲ್‌ಗಳಿಗೆ ಮಾತ್ರ ಇತ್ತು. ಇನ್ನೋಡಿಬಿಗೆ ಬಂದದ್ದು 5.6 ಆವೃತ್ತಿಯಲ್ಲಿ. ಹಳೆಯ ಸಲಹೆಗಳನ್ನು ಓದುವಾಗ ಇದು ನೆನಪಿರಲಿ, ಏಕೆಂದರೆ ಎರಡರ ನಡವಳಿಕೆಯೂ ಬೇರೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಾಲುಗಳಲ್ಲಿರುವ ಪದವನ್ನು ಕಡೆಗಣಿಸುವ 50 ಶೇಕಡಾ ನಿಯಮ ಮೈಐಸ್ಯಾಮ್‌ನದು, ಇನ್ನೋಡಿಬಿಯಲ್ಲಿ ಅದಿಲ್ಲ. ಮೈಐಸ್ಯಾಮ್ ಬಿಟ್ಟುಬಿಡುವ ಸಾಮಾನ್ಯ ಪದಗಳ ಪಟ್ಟಿಯಲ್ಲಿ 543 ಪದಗಳಿದ್ದರೆ ಇನ್ನೋಡಿಬಿಯ ಪಟ್ಟಿಯಲ್ಲಿ 36. ಪದದ ಕನಿಷ್ಠ ಉದ್ದ ಅಲ್ಲಿ 4, ಇಲ್ಲಿ 3. ಮುಂದಿನದೆಲ್ಲ ಇನ್ನೋಡಿಬಿಯ ಮಾತು.

ಮೊದಲು ಮುಟ್ಟಬೇಕಾದದ್ದು ಈ ಕನಿಷ್ಠ ಉದ್ದವನ್ನೇ. ಸೆಟ್ಟಿಂಗ್‌ನ ಹೆಸರು ‘ಇನ್ನೋಡಿಬಿ_ಎಫ್‌ಟಿ_ಮಿನ್_ಟೋಕನ್_ಸೈಜ್’. ತಾನಾಗಿ ಬರುವ ಬೆಲೆ 3, ಅಂದರೆ ಎರಡಕ್ಷರದ ಪದ ಇಂಡೆಕ್ಸ್‌ಗೆ ಸೇರುವುದೇ ಇಲ್ಲ. ಕನ್ನಡಕ್ಕೆ ಇದು ಕಾಣದ ಹೊಂಡ. ಇಲ್ಲಿ ‘ಅಕ್ಷರ’ ಎಂದರೆ ನಾವು ಕಣ್ಣಲ್ಲಿ ಎಣಿಸುವ ಅಕ್ಷರವಲ್ಲ, ಯೂನಿಕೋಡ್ ಸಂಕೇತ. ‘ಮನೆ’ಯಲ್ಲಿ ಮ, ನ ಮತ್ತು ಎಕಾರದ ಚಿಹ್ನೆ ಸೇರಿ ಮೂರು ಸಂಕೇತ, ಹಾಗಾಗಿ ಸೇರಿಕೊಳ್ಳುತ್ತದೆ. ‘ಹಣ್ಣು’ ಐದು ಸಂಕೇತ, ಅದಕ್ಕೂ ತೊಂದರೆಯಿಲ್ಲ. ಆದರೆ ‘ಮರ’, ‘ಹಣ’, ‘ಜನ’, ‘ಹೂ’, ‘ಕೈ’ ಎಲ್ಲವೂ ಎರಡೇ ಸಂಕೇತ. ಇವು ಒಂದೂ ಸಿಗುವುದಿಲ್ಲ, ಸಿಗಲಿಲ್ಲ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಬರೀ ಖಾಲಿ ಫಲಿತಾಂಶ. ಕನ್ನಡ ಬರಹವಿದ್ದರೆ ಬೆಲೆಯನ್ನು 2ಕ್ಕೆ ಇಳಿಸಿ. ಒಂದೇ ಸಂಕೇತದ ‘ಆ’, ‘ಈ’ ಆಗಲೂ ಹೊರಗೇ ಉಳಿಯುತ್ತವೆ, ಉಳಿಯಲೂಬೇಕು. ಇಂಡೆಕ್ಸ್ ಸ್ವಲ್ಪ ದಪ್ಪವಾಗುತ್ತದೆ. ಆ ಖರ್ಚು ಯೋಗ್ಯವಾದದ್ದೇ.

ಸರ್ವರ್ ಓಡುತ್ತಿರುವಾಗ ಈ ಬೆಲೆ ಬದಲಾಗುವುದಿಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಬರೆದು, ಸರ್ವರ್ ಮರುಚಾಲೂ ಮಾಡಿ, ಹಳೆಯ ಫುಲ್‌ಟೆಕ್ಸ್ಟ್ ಇಂಡೆಕ್ಸ್ ತೆಗೆದು ಹೊಸದಾಗಿ ಕಟ್ಟಬೇಕು. ಕೊನೆಯ ಹೆಜ್ಜೆಯನ್ನು ಮರೆತವರು ಸೆಟ್ಟಿಂಗ್ ಕೆಲಸವೇ ಮಾಡಲಿಲ್ಲ ಎಂದುಕೊಳ್ಳುತ್ತಾರೆ.

ಸಾಮಾನ್ಯ ಪದಗಳ ಪಟ್ಟಿಯದೂ ಇದೇ ಪಾಡು. ಮೂಲ ಪಟ್ಟಿ ಇಂಗ್ಲಿಷ್ ಪದಗಳದ್ದು. ಜೊತೆಗೆ ‘ಡಿಇ’, ‘ಎಲ್‌ಎ’ಯಂಥ ಬೇರೆ ಭಾಷೆಯ ಪದಗಳೂ ‘ಕಾಂ’, ‘ಡಬ್ಲ್ಯುಡಬ್ಲ್ಯುಡಬ್ಲ್ಯು’ಗಳೂ ಇವೆ. ಸ್ವಂತ ಪಟ್ಟಿ ಬೇಕಿದ್ದರೆ ‘ವ್ಯಾಲ್ಯೂ’ ಎಂಬ ಒಂದೇ ವಾರ್ಚಾರ್ ಕಾಲಂ ಇರುವ ಇನ್ನೋಡಿಬಿ ಟೇಬಲ್ ಮಾಡಿ, ‘ಮತ್ತು’, ‘ಆದರೆ’, ‘ಎಂದು’, ‘ಇದೆ’ ಮೊದಲಾದವನ್ನು ತುಂಬಿ, ಡೇಟಾಬೇಸ್ ಹೆಸರು, ಓರೆಗೆರೆ, ಟೇಬಲ್ ಹೆಸರು ಎಂಬ ರೂಪದಲ್ಲಿ ‘ಇನ್ನೋಡಿಬಿ_ಎಫ್‌ಟಿ_ಸರ್ವರ್_ಸ್ಟಾಪ್‌ವರ್ಡ್_ಟೇಬಲ್’ಗೆ ಕೊಡಿ. ಇಂಡೆಕ್ಸ್ ಕಟ್ಟುವ ಮುಂಚೆ ಇದು ಆಗಿರಬೇಕು. ಪಟ್ಟಿ ಚಿಕ್ಕದಾಗಿರಲಿ. ತೆಗೆದ ಪದ ಮತ್ತೆ ಬೇಕೆನಿಸುವುದು ಉಳಿಸಿದ ಪದ ಭಾರವೆನಿಸುವುದಕ್ಕಿಂತ ಹೆಚ್ಚು.

ಈಗ ಇಂಡೆಕ್ಸ್ ಕಟ್ಟುವುದು. ಡೇಟಾ ಮೊದಲು, ಇಂಡೆಕ್ಸ್ ಆಮೇಲೆ. ತಲೆಕೆಳಗಾದರೆ ಪ್ರತಿ ಸಾಲಿಗೂ ಪದ ಬಿಡಿಸುವ ಕೆಲಸ ನಡೆದು ಲೋಡ್ ತೆವಳುತ್ತದೆ. ಟೇಬಲ್ ಮಾಡುವಾಗಲೇ ಸಾಲಿನ ಗುರುತು ಸಂಖ್ಯೆಗಾಗಿ ‘ಎಫ್‌ಟಿಎಸ್_ಡಾಕ್_ಐಡಿ’ ಎಂಬ ಕಾಲಂ ಇಡುವುದು ಜಾಣತನ: ಬಿಗ್‌ಇಂಟ್, ಅನ್‌ಸೈನ್ಡ್, ಖಾಲಿ ಇರಬಾರದು, ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ. ಇಡದಿದ್ದರೆ ಮೊದಲ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಕಟ್ಟುವಾಗ ಇನ್ನೋಡಿಬಿ ತಾನೇ ಒಂದು ಮರೆಯ ಕಾಲಂ ಸೇರಿಸಲು ಇಡೀ ಟೇಬಲ್ ಅನ್ನು ಮರುಕಟ್ಟುತ್ತದೆ. ಇಂಡೆಕ್ಸ್ ಕಟ್ಟುತ್ತಿರುವಷ್ಟು ಹೊತ್ತು ಓದಬಹುದು, ಬರೆಯಲಾಗದು. ಹಾಗಾಗಿ ಜನ ಕಡಿಮೆ ಇರುವ ಹೊತ್ತನ್ನು ಆರಿಸಿ. ಒಂದು ಸಲಕ್ಕೆ ಒಂದೇ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಸಾಧ್ಯ, ಎರಡನ್ನು ಒಂದೇ ಆದೇಶದಲ್ಲಿ ಕೇಳಿದರೆ ಎರರ್ ಬರುತ್ತದೆ. ಪಾರ್ಟಿಷನ್ ಮಾಡಿದ, ಅಂದರೆ ಭಾಗಗಳಾಗಿ ಹಂಚಿಟ್ಟ ಟೇಬಲ್‌ಗೆ ಈ ಸೌಲಭ್ಯವೇ ಇಲ್ಲ.

ಎರಡು ಇಂಡೆಕ್ಸ್ ಬೇಕಾಗುತ್ತವೆ: ಶೀರ್ಷಿಕೆಗೆ ಒಂದು, ಶೀರ್ಷಿಕೆ ಮತ್ತು ಒಡಲು ಎರಡಕ್ಕೂ ಸೇರಿ ಇನ್ನೊಂದು. ಹುಡುಕಲು ಬಳಸುವ ‘ಮ್ಯಾಚ್’ನಲ್ಲಿ ಕೊಡುವ ಕಾಲಂಗಳ ಪಟ್ಟಿ ಯಾವುದಾದರೊಂದು ಇಂಡೆಕ್ಸ್‌ನ ಕಾಲಂಗಳಿಗೆ ಸರಿಯಾಗಿ ಹೊಂದಲೇಬೇಕು. ಒಂದು ಕಾಲಂ ಹೆಚ್ಚಾದರೂ ಕಡಿಮೆಯಾದರೂ ಕ್ವೆರಿ ನಡೆಯದು. ಕಾಲಂಗಳ ಕ್ಯಾರೆಕ್ಟರ್ ಸೆಟ್ ಮತ್ತು ಕೊಲೇಷನ್ (ಅಕ್ಷರ ಹೋಲಿಸುವ ನಿಯಮ) ಒಂದೇ ಆಗಿರಬೇಕು.

ಕಟ್ಟಿದ ಕೂಡಲೇ ಒಳಗೆ ಏನು ಬಿದ್ದಿದೆ ಎಂದು ಕಣ್ಣಾರೆ ನೋಡಿ. ‘ಇನ್ನೋಡಿಬಿ_ಎಫ್‌ಟಿ_ಆಕ್ಸ್_ಟೇಬಲ್’ಗೆ ಟೇಬಲ್ ಹೆಸರು ಕೊಟ್ಟು, ಇನ್ಫರ್ಮೇಷನ್ ಸ್ಕೀಮಾದ ‘ಇನ್ನೋಡಿಬಿ_ಎಫ್‌ಟಿ_ಇಂಡೆಕ್ಸ್_ಟೇಬಲ್’ ತೆರೆದರೆ ಪದಗಳ ಪಟ್ಟಿ ಸಿಗುತ್ತದೆ. ಕನ್ನಡ ಪದ ನಡುವೆ ತುಂಡಾಗಿದೆಯೇ, ಒಂದೇ ಪದ ಎರಡು ರೂಪದಲ್ಲಿ ಕೂತಿದೆಯೇ ಎಂಬುದು ಇಲ್ಲೇ ಗೊತ್ತಾಗುವುದು. ಎರಡು ರೂಪ ಬರಲು ಕಾರಣವಿದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು. ಬರಹ ಸೇರಿಸುವಾಗಲೂ ಹುಡುಕುವಾಗಲೂ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದು, ಶೂನ್ಯ ಅಗಲದ ಜೋಡಕ ಚಿಹ್ನೆಗಳನ್ನು ತೆಗೆದುಹಾಕಿದರೆ ಈ ತೊಡಕು ಬುಡಸಮೇತ ಹೋಗುತ್ತದೆ.

ವಿಭಕ್ತಿ ಪ್ರತ್ಯಯಗಳ ವಿಷಯದಲ್ಲಿ ಮೈಎಸ್‌ಕ್ಯೂಎಲ್ ಪೂರ್ತಿ ಕೈಚೆಲ್ಲುತ್ತದೆ. ಪದದ ಮೂಲರೂಪ ಹುಡುಕುವ ಏರ್ಪಾಡು ಇದರಲ್ಲಿ ಯಾವ ಭಾಷೆಗೂ ಇಲ್ಲ. ‘ಪುಸ್ತಕ’ ಎಂದು ಹುಡುಕಿದರೆ ‘ಪುಸ್ತಕದಲ್ಲಿ’ ಸಿಗದು. ಪದಗಳ ಜೊತೆ ಚಿಹ್ನೆಗಳನ್ನಿಟ್ಟು ಷರತ್ತು ಹಾಕಬಲ್ಲ ಬೂಲಿಯನ್ ಮೋಡ್‌ನಲ್ಲಿ ಪದದ ಕೊನೆಗೆ ನಕ್ಷತ್ರ ಹಾಕುವುದೊಂದೇ ದಾರಿ. ‘ಪುಸ್ತಕ*’ ಚೆನ್ನಾಗಿ ನಡೆಯುತ್ತದೆ. ‘ಬಾಗಿಲು*’ ನಡೆಯದು, ಏಕೆಂದರೆ ‘ಬಾಗಿಲಿಗೆ’ಯಲ್ಲಿ ಕೊನೆಯ ಉಕಾರವೇ ಇಲ್ಲ. ಹಾಗಾಗಿ ಕ್ವೆರಿ ಕಟ್ಟುವ ಕೋಡ್‌ನಲ್ಲಿ ಪದದ ಕೊನೆಯ ಉಕಾರ ಕಳಚಿ ‘ಬಾಗಿಲ*’ ಮಾಡಬೇಕು. ಚಿಕ್ಕ ಪದಗಳಿಗೆ ಮಾತ್ರ ಈ ಉಪಾಯ ಬೇಡ. ‘ಮರ*’ ಹಾಕಿದರೆ ಮರದ, ಮರಕ್ಕೆ ಜೊತೆಗೆ ಮರಳು, ಮರಣ, ಮರೆವು ಎಲ್ಲ ನುಗ್ಗುತ್ತವೆ. ‘ಕಾರ*’ ಹಾಕಿದರೆ ಕಾರಣವೂ ಕಾರ್ಯವೂ ಬರುತ್ತವೆ. ಉಳಿದ ಭಾಗ ನಾಲ್ಕು ಸಂಕೇತವಾದರೂ ಇದ್ದರೆ ನಕ್ಷತ್ರ ಹಾಕಿ. ಇಲ್ಲದಿದ್ದರೆ ‘ಊರು ಊರಿಗೆ ಊರಲ್ಲಿ ಊರಿನ’ ಎಂದು ರೂಪಗಳನ್ನೇ ಬರೆದು ಕೊಡಿ. ನಕ್ಷತ್ರ ಪದದ ಕೊನೆಯಲ್ಲಿ ಮಾತ್ರ ನಿಲ್ಲುತ್ತದೆ, ಮೊದಲಲ್ಲಿ ಅಲ್ಲ. ‘ಹುಣಸೆಮರ’ದೊಳಗಿನ ಮರ ಹೀಗೆ ಸಿಗದು.

ಅದಕ್ಕೆ ಎನ್‌ಗ್ರಾಮ್ ಪಾರ್ಸರ್ ಇದೆಯಲ್ಲ ಎನ್ನಬಹುದು. 5.7ರಿಂದ ಇದೆ, ಬರಹವನ್ನು ಎರಡೆರಡು ಸಂಕೇತದ ತುಂಡು ಮಾಡಿ ಇಡುತ್ತದೆ. ಪದಗಳ ನಡುವೆ ಜಾಗ ಬಿಡದ ಚೀನಿ, ಜಪಾನಿ ಭಾಷೆಗಳಿಗೆ ಹೇಳಿ ಮಾಡಿಸಿದ್ದು. ಕನ್ನಡದಲ್ಲಿ ಒತ್ತು, ಕಾಗುಣಿತದ ಚಿಹ್ನೆಗಳೂ ತುಂಡುಗಳಾಗಿ ಇಂಡೆಕ್ಸ್ ಉಬ್ಬುತ್ತದೆ. ಚಿಹ್ನೆಗಳಿಲ್ಲದೆ ಹುಡುಕುವ ನ್ಯಾಚುರಲ್ ಲ್ಯಾಂಗ್ವೇಜ್ ಮೋಡ್‌ನಲ್ಲಿ ಯಾವ ತುಂಡು ಹೊಂದಿದರೂ ಸಾಲು ಬಂದುಬಿಡುತ್ತದೆ. ಇದನ್ನು ಬಳಸುವುದೇ ಆದರೆ ಬೂಲಿಯನ್ ಮೋಡ್‌ನಲ್ಲೇ ಬಳಸಿ, ಆಗ ತುಂಡುಗಳನ್ನು ಸಾಲಾಗಿಯೇ ಹುಡುಕುತ್ತದೆ. ಇನ್ನೊಂದು ಅಪಾಯ: ಎನ್‌ಗ್ರಾಮ್‌ನಲ್ಲಿ ಸಾಮಾನ್ಯ ಪದವನ್ನು ಒಳಗೊಂಡ ತುಂಡೆಲ್ಲ ಬಿದ್ದುಹೋಗುತ್ತದೆ. ಮೂಲ ಪಟ್ಟಿಯಲ್ಲಿ ಇಂಗ್ಲಿಷಿನ ಎ ಮತ್ತು ಐ ಒಂಟಿ ಅಕ್ಷರಗಳಾಗಿ ಇರುವುದರಿಂದ, ಆ ಅಕ್ಷರವಿರುವ ಇಂಗ್ಲಿಷ್ ತುಂಡು ಒಂದೂ ಉಳಿಯದು. ಮಿಶ್ರ ಬರಹವಿದ್ದರೆ ಸಾಮಾನ್ಯ ಪದಗಳ ಪಟ್ಟಿಯನ್ನೇ ಆಫ್ ಮಾಡಿಬಿಡಿ.

ಬಳಕೆದಾರ ಟೈಪ್ ಮಾಡಿದ್ದನ್ನು ಹಾಗೇ ಬೂಲಿಯನ್ ಮೋಡ್‌ಗೆ ಕಳಿಸಬೇಡಿ. ಪದದ ಕೊನೆಯಲ್ಲಿ ಉಳಿದ ಕೂಡು ಚಿಹ್ನೆ, ಎರಡು ಕೂಡು ಚಿಹ್ನೆ ಒಟ್ಟಿಗೆ, ಮಿಂಚಂಚೆ ವಿಳಾಸದ ಅಟ್ ಚಿಹ್ನೆ ಇವೆಲ್ಲ ಸಿಂಟ್ಯಾಕ್ಸ್ ಎರರ್ ತರುತ್ತವೆ. ಅಂದರೆ ‘ಸಿ++’ ಎಂದು ಹುಡುಕಿದವನಿಗೆ ಎರರ್ ಪುಟ. ವಿಶೇಷ ಚಿಹ್ನೆಗಳನ್ನು ಒರೆಸಿ, ಪದ ಬಿಡಿಸಿ, ಆ ಪದ ಇರಲೇಬೇಕು ಎನ್ನುವ ಕೂಡು ಚಿಹ್ನೆಯನ್ನು ನೀವೇ ಹಾಕಿ. ಕನಿಷ್ಠ ಉದ್ದಕ್ಕಿಂತ ಚಿಕ್ಕ ಪದಕ್ಕೂ ಸಾಮಾನ್ಯ ಪದಕ್ಕೂ ಅದನ್ನು ಹಾಕಬೇಡಿ. ಇಂಡೆಕ್ಸ್‌ನಲ್ಲೇ ಇಲ್ಲದ ಪದ ಕಡ್ಡಾಯ ಎಂದರೆ ಫಲಿತಾಂಶ ಸೊನ್ನೆ. ‘5.7’ನಂಥ ಆವೃತ್ತಿ ಸಂಖ್ಯೆ ಚುಕ್ಕಿಯಲ್ಲಿ ಒಡೆದು ಎರಡು ಒಂಟಿ ಅಂಕಿಯಾಗಿ ಮಾಯವಾಗುತ್ತದೆ. ತಾಂತ್ರಿಕ ಬರಹಗಳಿಗೆ ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಇಟ್ಟು, ಅಲ್ಲಿ ಚುಕ್ಕಿಯ ಬದಲು ಅಂಡರ್‌ಸ್ಕೋರ್ ಹಾಕುವುದು ಒಳ್ಳೆಯದು. ಅಂಡರ್‌ಸ್ಕೋರ್ ಪದದ ಭಾಗವೇ ಆಗಿ ಉಳಿಯುತ್ತದೆ. ಹುಡುಕುವ ಪದಕ್ಕೂ ಅದೇ ಬದಲಾವಣೆ ಆಗಬೇಕು.

ಸಿಕ್ಕ ಸಾಲುಗಳಲ್ಲಿ ಯಾವುದು ಮೇಲೆ ಬರಬೇಕೆಂದು ಅಂಕ ಕೊಡುವ ಲೆಕ್ಕ ಸರಳ. ಪದ ಆ ಸಾಲಿನಲ್ಲಿ ಎಷ್ಟು ಸಲ ಬಂದಿದೆ ಎಂಬುದನ್ನು ಪದದ ಅಪರೂಪತನದಿಂದ ಎರಡು ಸಲ ಗುಣಿಸುತ್ತದೆ. ಅಪರೂಪತನ ಎಂದರೆ ಒಟ್ಟು ಸಾಲುಗಳನ್ನು ಪದವಿರುವ ಸಾಲುಗಳಿಂದ ಭಾಗಿಸಿದ್ದರ ಹತ್ತರ ಲಾಗರಿದಂ. ಹತ್ತು ಲಕ್ಷ ಸಾಲುಗಳಲ್ಲಿ 100 ಕಡೆ ಇರುವ ಪದಕ್ಕೆ ಅದು 4, ವರ್ಗ 16. ಒಂದು ಲಕ್ಷ ಕಡೆ ಇರುವ ಪದಕ್ಕೆ 1, ವರ್ಗವೂ 1. ಬರಹದ ಉದ್ದ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದೇ ಪದ ಹತ್ತು ಸಲ ಬರೆದ ಉದ್ದನೆಯ ಬರಹ, ಎರಡೇ ಸಾಲಿನ ಸರಿಯಾದ ಉತ್ತರವನ್ನು ಕೆಳಗೆ ತಳ್ಳುತ್ತದೆ. ಹಿಂದಿನವರ ಮಾತನ್ನು ಉದ್ಧರಿಸಿ ಉತ್ತರಿಸುವ ಕಡೆ ಇದು ಇನ್ನೂ ಜೋರು, ಆದ್ದರಿಂದ ಉದ್ಧರಣೆಯ ಭಾಗವನ್ನು ಇಂಡೆಕ್ಸ್‌ಗೆ ಕೊಡದಿರಿ. ಶೀರ್ಷಿಕೆಯ ಅಂಕವನ್ನು ಮೂರರಿಂದ ಗುಣಿಸಿ ಒಟ್ಟು ಅಂಕಕ್ಕೆ ಕೂಡಿಸಿದರೆ ಕ್ರಮ ಕೂಡಲೇ ಸುಧಾರಿಸುತ್ತದೆ.

ವೇಗ ಮುಖ್ಯವಾಗಿ ಕುಸಿಯುವುದು ಒಂದು ಜಾಗದಲ್ಲಿ. ಫುಲ್‌ಟೆಕ್ಸ್ಟ್ ಇಂಡೆಕ್ಸ್ ಅನ್ನು ದಿನಾಂಕ, ವಿಭಾಗಗಳ ಇಂಡೆಕ್ಸ್ ಜೊತೆ ಕೂಡಿಸಿ ಬಳಸಲು ಮೈಎಸ್‌ಕ್ಯೂಎಲ್‌ಗೆ ಬರುವುದಿಲ್ಲ. ಪದ ಎರಡು ಲಕ್ಷ ಸಾಲಿನಲ್ಲಿದ್ದರೆ ಅಷ್ಟನ್ನೂ ತಂದು, ಆಮೇಲೆ ವಿಭಾಗ ನೋಡಿ, ದಿನಾಂಕದ ಪ್ರಕಾರ ಜೋಡಿಸುತ್ತದೆ. ಇದಕ್ಕೆ ಮದ್ದು: ಒಳಗಿನ ಕ್ವೆರಿ ಬರೀ ಐಡಿ ಮತ್ತು ಅಂಕ ಕೇಳಲಿ, ಅಂಕದ ಇಳಿಕೆ ಕ್ರಮದಲ್ಲಿ 200ಕ್ಕೆ ನಿಲ್ಲಲಿ, ಬೇರೆ ಷರತ್ತು ಇರದಿರಲಿ. ಉಳಿದ ಕಾಲಂಗಳನ್ನು ಹೊರಗಿನ ಜಾಯಿನ್ ತರಲಿ. ವಿಭಾಗದೊಳಗಿನ ಹುಡುಕಾಟವೇ ಹೆಚ್ಚು ನಡೆಯುವುದಾದರೆ ವಿಭಾಗದ ಗುರುತನ್ನು ಒಂದು ಕೃತಕ ಪದವಾಗಿ ಆ ಹುಡುಕಾಟದ ಕಾಲಂಗೇ ಸೇರಿಸಿ, ಕ್ವೆರಿಯಲ್ಲಿ ಕಡ್ಡಾಯ ಮಾಡಿ.

ಈ ಒಂದು ವಿಷಯದಲ್ಲಿ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸ್ಪಷ್ಟವಾಗಿ ಮುಂದಿದೆ. ಪದ ಹುಡುಕಲು ಬಳಸುವ ಅದರ ಜಿನ್ ಇಂಡೆಕ್ಸ್ ಮತ್ತು ಮಾಮೂಲಿ ಇಂಡೆಕ್ಸ್‌ಗಳ ಫಲಿತಾಂಶವನ್ನು ಬಿಟ್‌ಮ್ಯಾಪ್ ಮೂಲಕ ಕೂಡಿಸಬಲ್ಲದು, ಬಳಕೆದಾರ ಬರೆದ ಕೊಳಕು ಕ್ವೆರಿಯನ್ನು ಎರರ್ ಇಲ್ಲದೆ ನುಂಗುವ ಫಂಕ್ಷನ್ 11ನೇ ಆವೃತ್ತಿಯಿಂದ ಇದೆ, ಸಿಕ್ಕ ಪದವನ್ನು ಎತ್ತಿ ತೋರಿಸುವ ಫಂಕ್ಷನ್ ಕೂಡ ಇದೆ. ಆದರೆ ಅದರ ಅಂಕದಲ್ಲಿ ಪದದ ಅಪರೂಪತನಕ್ಕೆ ಜಾಗವಿಲ್ಲ; ಅಲ್ಲಿ ಮೈಎಸ್‌ಕ್ಯೂಎಲ್ ಗೆಲ್ಲುತ್ತದೆ. ಕನ್ನಡದ ಮೂಲರೂಪ ಹುಡುಕುವ ನಿಘಂಟು ಅದರ ಜೊತೆಗೂ ಬರುವುದಿಲ್ಲ. ಇರುವ ಡೇಟಾ ಮೈಎಸ್‌ಕ್ಯೂಎಲ್‌ನಲ್ಲಿದ್ದರೆ ಇಷ್ಟಕ್ಕಾಗಿ ಜಾಗ ಬದಲಿಸಬೇಕಿಲ್ಲ. ಕಾಗುಣಿತ ತಪ್ಪನ್ನು ತಾನೇ ಸರಿಪಡಿಸಬೇಕು, ಟೈಪ್ ಮಾಡುತ್ತಿದ್ದಂತೆ ಸಲಹೆ ಬರಬೇಕು ಎಂಬ ಬೇಡಿಕೆ ಬಂದ ದಿನ ಹುಡುಕಾಟಕ್ಕೆಂದೇ ಇರುವ ಎಲಾಸ್ಟಿಕ್‌ಸರ್ಚ್ ಅಥವಾ ಮ್ಯಾಂಟಿಕೋರ್ ಸರ್ವರ್‌ಗಳ ಕಡೆ ನೋಡಿ.

ದಿನನಿತ್ಯದ ಆರೈಕೆಯಲ್ಲಿ ಎರಡು ಸಂಗತಿ. ಹೊಸ ಸಾಲು ಕಮಿಟ್ ಆದ, ಅಂದರೆ ಖಾಯಂ ಆಗಿ ಉಳಿದ ಮೇಲಷ್ಟೇ ಹುಡುಕಾಟಕ್ಕೆ ಸಿಗುತ್ತದೆ. ಟ್ರಾನ್ಸಾಕ್ಷನ್ ತೆರೆದು ಕೊನೆಯಲ್ಲಿ ರೋಲ್‌ಬ್ಯಾಕ್ ಮಾಡಿ ಬದಲಾವಣೆಗಳನ್ನು ರದ್ದು ಮಾಡುವ ಸ್ವಯಂಚಾಲಿತ ಪರೀಕ್ಷೆಗಳು ಯಾವಾಗಲೂ ಸೊನ್ನೆ ತೋರಿಸುವುದು ಇದರಿಂದಲೇ. ಅಳಿಸಿದ ಸಾಲಿನ ಪದಗಳು ಇಂಡೆಕ್ಸ್‌ನಿಂದ ಕೂಡಲೇ ಹೋಗುವುದಿಲ್ಲ. ಐಡಿಯನ್ನು ಅಳಿಸಿದ ಸಾಲುಗಳ ಪಟ್ಟಿಗೆ ಬರೆದಿಟ್ಟು ಪ್ರತಿ ಹುಡುಕಾಟದಲ್ಲೂ ಸೋಸುತ್ತದೆ, ಪಟ್ಟಿ ಬೆಳೆದಂತೆ ಹುಡುಕಾಟ ನಿಧಾನವಾಗುತ್ತದೆ. ‘ಇನ್ನೋಡಿಬಿ_ಆಪ್ಟಿಮೈಜ್_ಫುಲ್‌ಟೆಕ್ಸ್ಟ್_ಓನ್ಲಿ’ ಆನ್ ಮಾಡಿ ‘ಆಪ್ಟಿಮೈಜ್ ಟೇಬಲ್’ ಓಡಿಸಿದರೆ ಕಸ ಹೋಗುತ್ತದೆ. ಒಂದು ಸುತ್ತಿಗೆ 2000 ಪದಗಳಷ್ಟೇ ಶುಚಿಯಾಗುವುದರಿಂದ ದೊಡ್ಡ ಟೇಬಲ್‌ಗೆ ಈ ಆದೇಶವನ್ನು ಮತ್ತೆ ಮತ್ತೆ ಓಡಿಸಬೇಕು. ಕೆಲಸ ಮುಗಿದ ಮೇಲೆ ಆ ಸೆಟ್ಟಿಂಗ್ ಆಫ್ ಮಾಡಿ. ಮರೆತರೆ ಮುಂದೆ ಯಾರಾದರೂ ಅದೇ ಆದೇಶವನ್ನು ಟೇಬಲ್‌ನ ಜಾಗ ಮರಳಿ ಪಡೆಯಲು ಓಡಿಸಿದಾಗ ಡಿಸ್ಕ್‌ನಲ್ಲಿ ಒಂದಿಷ್ಟೂ ಜಾಗ ತೆರವಾಗದು.