ನೆಲ ತಾಗದ ಓಟ: ತೇಲುವ ಬೆಲ್ಟು ಮತ್ತು ಬೆಳಗಾವಿಯ ಒಂದು ಈಜುಕೊಳ

ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ, ಆರು ವಾರ ಓಡುವಂತಿಲ್ಲ ಎಂದು ಎಲುಬಿನ ವೈದ್ಯರು ಹೇಳಿದಾಗ, ದಿನವೂ ನಸುಕಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಆವರಣದ ಮರಗಳ ನಡುವೆ ಓಡುವ ರೂಢಿಯಿದ್ದ ನನಗೆ ಬಿರುಕಿಗಿಂತ ಆ ಆರು ವಾರಗಳೇ ಹೆಚ್ಚು ಭಾರವೆನಿಸಿದವು. ಸೊಂಟಕ್ಕೆ ತೇಲುವ ಬೆಲ್ಟು ಕಟ್ಟಿಕೊಂಡು ಆಳದ ನೀರಿನಲ್ಲಿ ಓಡುವ ಉಪಾಯವನ್ನು ಅವರೇ ಸೂಚಿಸಿದರು. ಬೆಲ್ಟನ್ನು ಆನ್‌ಲೈನ್‌ನಲ್ಲಿ ತರಿಸಿ, ಊರಿನ ಒಂದು ಖಾಸಗಿ ಈಜುಕೊಳದಲ್ಲಿ ಹೆಸರು ಹಚ್ಚಿದೆ.

ಬೆಲ್ಟಿನ ಬಗ್ಗೆ ನನಗೆ ದೂರಿಲ್ಲ. ಹಗುರವಾದ ಫೋಮಿನದು, ಬೆನ್ನಿನ ಕಡೆ ದಪ್ಪ, ಮುಂದೆ ಬಕಲ್. ಮೊದಲ ದಿನ ಸಡಿಲವಾಗಿ ಕಟ್ಟಿದ್ದರಿಂದ ಅದು ಕಂಕುಳಿನವರೆಗೆ ಏರಿ ಬಂದಿತು. ಪಕ್ಕೆಲುಬಿನ ಕೆಳಗೆ, ಉಸಿರು ಹೊರಬಿಟ್ಟು ಬಿಗಿದ ಮೇಲೆ ಅಲುಗಲಿಲ್ಲ. ಮುಖ್ಯವಾದದ್ದು ಓಡುವ ರೀತಿ. ಕೈಗಳನ್ನು ದೋಣಿಯ ಹುಟ್ಟಿನಂತೆ ಬೀಸಿದರೆ ಮುಂದೆ ಸಾಗಬಹುದು, ಆದರೆ ಕಾಲುಗಳಿಗೆ ಕೆಲಸವಿರುವುದಿಲ್ಲ. ಮುಷ್ಟಿ ಸಡಿಲವಾಗಿ ಹಿಡಿದು, ಮೈಯನ್ನು ತುಸುವೇ ಮುಂದಕ್ಕೆ ಬಾಗಿಸಿ, ಮೊಣಕಾಲು ಎತ್ತಿ, ಪಾದವನ್ನು ಕೆಳಗೆ ಮತ್ತು ಹಿಂದಕ್ಕೆ ಒತ್ತಬೇಕು. ಹೀಗೆ ಓಡಿದರೆ ಆಮೆಯ ವೇಗವೂ ಸಿಗುವುದಿಲ್ಲ, ಅದೇ ಸರಿಯಾದ ಲಕ್ಷಣ.

ಕೈಗಡಿಯಾರ ತೋರಿಸುವ ನಾಡಿಬಡಿತವನ್ನು ಇಲ್ಲಿ ನಂಬಿ ಕೂಡಬಾರದು. ನೀರಿನ ಒತ್ತಡವು ಕಾಲುಗಳ ರಕ್ತವನ್ನು ಎದೆಯ ಕಡೆಗೆ ತಳ್ಳುವುದರಿಂದ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹೊರಹಾಕುತ್ತದೆ. ಆದ್ದರಿಂದ ಅಷ್ಟೇ ಶ್ರಮಕ್ಕೆ ಬಡಿತವು ನೆಲದ ಮೇಲಿನದಕ್ಕಿಂತ ನಿಮಿಷಕ್ಕೆ ಸುಮಾರು 10ರಿಂದ 15ರಷ್ಟು ಕಡಿಮೆ ಕಾಣುತ್ತದೆ. ಉಸಿರಾಟವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಒಂದು ನಿಮಿಷ ಜೋರು, ಅರ್ಧ ನಿಮಿಷ ನಿಧಾನ, ಹೀಗೆ 20 ಸಲ ಮಾಡುತ್ತಿದ್ದೆ. ಒಂದೇ ಸಮನೆ ನಿಧಾನವಾಗಿ ಓಡಿದ ದಿನಗಳಲ್ಲಿ ಬೇಸರವಾಯಿತೇ ಹೊರತು ಬೆವರಿದಂತೆ ಅನಿಸಲಿಲ್ಲ.

ಕೊಳದ ವಿಷಯದಲ್ಲಿ ಇಷ್ಟು ಸಮಾಧಾನವಿಲ್ಲ. ಪಾದ ತಳಕ್ಕೆ ತಾಗದಿರಬೇಕಾದರೆ ಎತ್ತರಕ್ಕಿಂತ ಹೆಚ್ಚು ಆಳ ಬೇಕು. ಆಳದ ತುದಿ ಇಲ್ಲಿ ಇದೆಯಾದರೂ, ಸಂಜೆ ಮಕ್ಕಳ ಬ್ಯಾಚ್ ಶುರುವಾದ ಕೂಡಲೇ ನನ್ನನ್ನು ನಾಲ್ಕೂವರೆ ಅಡಿಯ ಕಡೆಗೆ ಕಳಿಸುತ್ತಿದ್ದರು. ಅಲ್ಲಿ ಕಾಲು ನೆಲಕ್ಕೆ ಬಡಿದು, ಬೆಲ್ಟು ಕಟ್ಟಿದ ಉದ್ದೇಶವೇ ಕೆಡುತ್ತಿತ್ತು. ಹಣ ಕಟ್ಟುವ ಮುಂಚೆ ಇದನ್ನು ಹೇಳಬಹುದಿತ್ತು. ಕೊಳ ಕಾಯುವ ಹುಡುಗ ಮಾತ್ರ ಒಳ್ಳೆಯವನು: ಮೂರು ದಿನ ನನ್ನನ್ನೇ ನೋಡಿ, “ಸರ, ಈಜಾಕ ಬರೂದಿಲ್ಲೇನ್ರಿ? ಬರ್ರಿ, ನಾ ಕಲಸ್ತೀನಿ” ಎಂದ.

ಕಡೆಗೆ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡೆ. ಆಗ ಜನ ಕಡಿಮೆ, ಆದರೆ ಡಿಸೆಂಬರಿನ ಬೆಳಗಾವಿ! ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆಯುತ್ತದೆ, ಕೊಳಕ್ಕೆ ಬಿಸಿ ಮಾಡುವ ವ್ಯವಸ್ಥೆಯಿಲ್ಲ. ಅರ್ಧ ಗಂಟೆಯೊಳಗೆ ಬೆರಳುಗಳು ಮರಗಟ್ಟಿ ಬಕಲ್ ಬಿಚ್ಚಲೂ ಬರುತ್ತಿರಲಿಲ್ಲ.

ಏಳನೆಯ ವಾರ ವೈದ್ಯರ ಒಪ್ಪಿಗೆ ಪಡೆದು ಡಿಪೋದಲ್ಲಿ 3 ಕಿ.ಮೀ. ಓಡಿದೆ. ಉಸಿರು ಸೋಲಲಿಲ್ಲ. ಮೀನಖಂಡಗಳು ಮಾತ್ರ ಎರಡು ದಿನ ಹಿಡಿದುಕೊಂಡವು, ಏಕೆಂದರೆ ನೆಲದ ಪೆಟ್ಟು ತಾಳುವ ಅಭ್ಯಾಸ ನೀರಿನಲ್ಲಿ ಆಗುವುದಿಲ್ಲ. ಕೊಳದ ಪಾಸನ್ನು ಮುಂದುವರಿಸಿಲ್ಲ. ಬೆಲ್ಟನ್ನು ತೊಳೆದು, ನೆರಳಲ್ಲಿ ಒಣಗಿಸಿ, ಕಪಾಟಿನಲ್ಲಿ ಇಟ್ಟಿದ್ದೇನೆ.